ವೇಲ್ಸ್‌ನ ಸಾಂಪ್ರದಾಯಿಕ ಕಲ್ಲಿನ ಕೃಷಿ ಕಟ್ಟಡಗಳು

ವೇಲ್ಸ್‌ನ ಸಾಂಪ್ರದಾಯಿಕ ಕಲ್ಲಿನ ಕೃಷಿ ಕಟ್ಟಡಗಳು ಎಂದರೆ ಯುನೈಟೆಡ್ ಕಿಂಗ್‌ಡಮ್‌ನ ಭಾಗವಾದ ವೇಲ್ಸ್ ದೇಶದ ಗ್ರಾಮಾಂತರದಲ್ಲಿ, ಮುಖ್ಯವಾಗಿ 16ನೆಯ ಶತಮಾನದಿಂದ 19ನೆಯ ಶತಮಾನದ ಕೊನೆಯವರೆಗೆ, ಸ್ಥಳೀಯ ಕಲ್ಲಿನಿಂದ ಕಟ್ಟಲ್ಪಟ್ಟ ಒಕ್ಕಲುಮನೆಗಳು, ಒಕ್ಕಣೆಮನೆಗಳು, ದನದ ಕೊಟ್ಟಿಗೆಗಳು, ಕುದುರೆ ಲಾಯಗಳು, ಕಣಜಗಳು, ಹಂದಿಗೂಡುಗಳು ಮೊದಲಾದ ಕಟ್ಟಡಗಳು. ಇವುಗಳಲ್ಲಿ ಬಹುಪಾಲು ಕಟ್ಟಡಗಳಿಗೆ ವಾಸ್ತುಶಿಲ್ಪಿಯ ಹೆಸರಿಲ್ಲ, ನಕ್ಷೆಯೂ ಇಲ್ಲ. ರೈತರೂ ಊರಿನ ಕಲ್ಲುಕುಟಿಗರೂ ಬಡಗಿಗಳೂ ಸುತ್ತಮುತ್ತ ದೊರೆತ ಸಾಮಗ್ರಿಗಳಿಂದಲೇ ಅವನ್ನು ಕಟ್ಟಿದರು. ಆದ್ದರಿಂದ ಇವು ಜನಪದ ವಾಸ್ತುಶಿಲ್ಪದ ವರ್ಗಕ್ಕೆ ಸೇರುತ್ತವೆ.

ವೇಲ್ಸ್‌ನ ಭೂಭಾಗದಲ್ಲಿ ಹೆಚ್ಚಿನದು ಬೆಟ್ಟಗುಡ್ಡಗಳಿಂದ ಕೂಡಿದ್ದು, ಮಳೆ ಅಧಿಕ, ಮಣ್ಣು ತೆಳು. ಅಲ್ಲಿನ ಬೇಸಾಯದಲ್ಲಿ ಧಾನ್ಯಕ್ಕಿಂತ ದನ ಮತ್ತು ಕುರಿಗಳಿಗೆ ಹೆಚ್ಚು ಪ್ರಾಧಾನ್ಯ. ಕೃಷಿಕ್ಷೇತ್ರಗಳು ಸಾಮಾನ್ಯವಾಗಿ ಚಿಕ್ಕವು. ಬಹುಕಾಲ ಗೇಣಿದಾರರ ಕೈಯಲ್ಲಿದ್ದವು. ಕಟ್ಟಡಗಳ ಗಾತ್ರ, ಜೋಡಣೆ, ಅಲಂಕಾರರಹಿತ ರೂಪ ಇವೆಲ್ಲವೂ ಈ ಆರ್ಥಿಕ ಸ್ಥಿತಿಯಿಂದ ರೂಪುಗೊಂಡವು. ಇಂದು ಇವುಗಳಲ್ಲಿ ಅನೇಕವು ಮೂಲ ಉಪಯೋಗವನ್ನು ಕಳೆದುಕೊಂಡಿವೆ. ಕೆಲವು ಪಾಳುಬಿದ್ದಿವೆ, ಕೆಲವು ವಾಸದ ಮನೆಗಳಾಗಿವೆ, ಕೆಲವು ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಅವುಗಳನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದು ವೇಲ್ಸ್‌ನಲ್ಲಿ ಸಂಸ್ಕೃತಿ, ಭಾಷೆ ಮತ್ತು ಗ್ರಾಮೀಣ ಜೀವನಕ್ಕೆ ಸಂಬಂಧಿಸಿದ ಪ್ರಶ್ನೆಯಾಗಿದೆ.

ಐತಿಹಾಸಿಕ ಹಿನ್ನೆಲೆ

ಮಧ್ಯಯುಗದ ವೇಲ್ಸ್‌ನಲ್ಲಿ ಕಲ್ಲಿನ ಕಟ್ಟಡವೆಂದರೆ ಕೋಟೆ, ಚರ್ಚು ಅಥವಾ ಮಠ. ಸಾಮಾನ್ಯ ಜನರ ಮನೆಗಳು ಮರ, ಹೆಣೆದ ಕಡ್ಡಿ, ಮಣ್ಣು ಮತ್ತು ಹುಲ್ಲಿನವು. 12ನೆಯ ಶತಮಾನದ ಕೊನೆಯಲ್ಲಿ ವೇಲ್ಸ್‌ನ ವರ್ಣನೆಯನ್ನು ಬರೆದ ಪಾದ್ರಿ ಗೆರಾಲ್ಡ್, ಅಲ್ಲಿನ ಜನ ಎತ್ತರವಾದ ಕಲ್ಲಿನ ಮನೆಗಳನ್ನು ಕಟ್ಟದೆ ಕಾಡಿನ ಅಂಚಿನಲ್ಲಿ ಕಡ್ಡಿಗಳಿಂದ ಹೆಣೆದ ಗುಡಿಸಲುಗಳಲ್ಲೇ ತೃಪ್ತರಾಗಿದ್ದಾರೆಂದು ದಾಖಲಿಸಿದ್ದಾನೆ. ರಾಜ ಹವೆಲ್ ದ್ದನ ಹೆಸರಿನಲ್ಲಿ ಉಳಿದುಬಂದಿರುವ ವೆಲ್ಷ್ ಕಾನೂನು ಗ್ರಂಥಗಳಲ್ಲಿ ಚಳಿಗಾಲದ ಮನೆ, ಬೇಸಗೆಯ ಮನೆ, ಒಕ್ಕಣೆಮನೆ ಮುಂತಾದವುಗಳಿಗೂ ಅವುಗಳ ಮರದ ಭಾಗಗಳಿಗೂ ಬೆಲೆ ಕಟ್ಟಲಾಗಿದೆ. ಕಟ್ಟಡದ ಬೆಲೆಯೆಂದರೆ ಅದರ ಮರದ ಬೆಲೆ ಎಂಬ ಕಾಲ ಅದು.

16ನೆಯ ಶತಮಾನದಲ್ಲಿ ಪರಿಸ್ಥಿತಿ ಬದಲಾಯಿತು. 1536 ಮತ್ತು 1543ರ ಶಾಸನಗಳ ಮೂಲಕ ವೇಲ್ಸ್ ಇಂಗ್ಲೆಂಡಿನೊಡನೆ ಕಾನೂನುಬದ್ಧವಾಗಿ ಸೇರಿತು. ಆಸ್ತಿಯನ್ನು ಎಲ್ಲ ಗಂಡುಮಕ್ಕಳಿಗೆ ಹಂಚುವ ಹಳೆಯ ಪದ್ಧತಿ ಕೊನೆಗೊಂಡು ಹಿರಿಯ ಮಗನಿಗೆ ಆಸ್ತಿ ಹೋಗುವ ಇಂಗ್ಲಿಷ್ ಪದ್ಧತಿ ಜಾರಿಗೆ ಬಂದಿತು. ಹಿಡುವಳಿಗಳು ಒಡೆಯದೆ ಉಳಿದವು. ದನದ ವ್ಯಾಪಾರದಿಂದ ಕೆಲವರ ಕೈಯಲ್ಲಿ ಹಣವೂ ಕೂಡಿತು. ಇದೇ ಕಾಲದಲ್ಲಿ ಪಶ್ಚಿಮ ಮತ್ತು ವಾಯವ್ಯ ಭಾಗಗಳಲ್ಲಿ ಅನುಕೂಲಸ್ಥ ರೈತರು ದಪ್ಪ ಕಲ್ಲುಗೋಡೆಯ, ಎರಡು ಅಂತಸ್ತಿನ ಮನೆಗಳನ್ನು ಕಟ್ಟಿಸತೊಡಗಿದರು. ಎರಡು ತುದಿಗಳಲ್ಲಿ ಹೊಗೆಗೂಡುಗಳಿರುವ ಈ ಮಾದರಿಯನ್ನು ವಿದ್ವಾಂಸರು ‘ಸ್ನೋಡೋನಿಯಾ ಮನೆ’ ಎಂದು ಕರೆಯುತ್ತಾರೆ. 1544ರಲ್ಲಿ ವೌನ್‌ವೌರ್ ಎಂಬಲ್ಲಿ ಕಟ್ಟಲಾದ, ಈಗ ಸೇಂಟ್ ಫ್ಯಾಗನ್ಸ್ ವಸ್ತುಸಂಗ್ರಹಾಲಯದಲ್ಲಿರುವ ‘ಅ ಗಾರೆಗ್ ವೌರ್’ ಇದಕ್ಕೆ ಉತ್ತಮ ನಿದರ್ಶನ.

ಮೊದಲು ಕಲ್ಲಿಗೆ ಬದಲಾದದ್ದು ವಾಸದ ಮನೆ. ಕೊಟ್ಟಿಗೆ, ಒಕ್ಕಣೆಮನೆಗಳು ಬಹುಕಾಲ ಮರ ಮತ್ತು ಮಣ್ಣಿನಲ್ಲೇ ಉಳಿದವು. ಆದ್ದರಿಂದ ಇಂದು ಕಾಣಸಿಗುವ ಕಲ್ಲಿನ ಕೊಟ್ಟಿಗೆಗಳಲ್ಲಿ ಹೆಚ್ಚಿನವು 18 ಮತ್ತು 19ನೆಯ ಶತಮಾನದವು. ನೋಡಲು ಬಹಳ ಹಳೆಯದೆನಿಸುವ ಒರಟು ಕಟ್ಟಡವು ಪಕ್ಕದ ನಯವಾದ ಮನೆಗಿಂತ ಇನ್ನೂರು ವರ್ಷ ಕಿರಿಯದಾಗಿರುವುದು ಅಪರೂಪವಲ್ಲ.

ಭೂರಚನೆ ಮತ್ತು ಕಲ್ಲು

ಗಾಡಿರಸ್ತೆಗಳು ದುರ್ಗಮವಾಗಿದ್ದ ಕಾಲದಲ್ಲಿ ಭಾರವಾದ ಕಲ್ಲನ್ನು ದೂರದಿಂದ ತರುವುದು ರೈತನಿಗೆ ಸಾಧ್ಯವಿರಲಿಲ್ಲ. ಹೊಲ ಹಸನು ಮಾಡುವಾಗ ಎದ್ದ ಕಲ್ಲು, ಹೊಳೆಯ ಪಾತ್ರದ ಕಲ್ಲು, ಬೆಟ್ಟದ ಬದಿಯಲ್ಲಿ ತೋಡಿದ ಸಣ್ಣ ಗಣಿಯ ಕಲ್ಲು, ಇವೇ ಮೂಲ. ಹೀಗಾಗಿ ಕಟ್ಟಡಗಳ ಬಣ್ಣ ಮತ್ತು ಗೋಡೆಯ ಹೆಣಿಗೆಯನ್ನು ನೋಡಿದರೆ ಆ ಪ್ರದೇಶದ ಭೂವಿಜ್ಞಾನವೇ ತಿಳಿಯುತ್ತದೆ.

ವಾಯವ್ಯದ ಸ್ನೋಡೋನಿಯಾದಲ್ಲಿ ಜ್ವಾಲಾಮುಖಿಜನ್ಯ ಶಿಲೆ ಮತ್ತು ಸ್ಲೇಟುಗಳು ಪ್ರಧಾನ. ಹಿಮಯುಗದ ಹಿಮನದಿಗಳು ಬಿಟ್ಟುಹೋದ ದೊಡ್ಡ ಬಂಡೆಗಳನ್ನು ಒಡೆಯದೆ ಹಾಗೆಯೇ ಗೋಡೆಯ ಬುಡಕ್ಕೂ ಮೂಲೆಗೂ ಇಡುವುದು ಇಲ್ಲಿನ ವೈಶಿಷ್ಟ್ಯ. ನೈಋತ್ಯದ ಪೆಂಬ್ರೋಕ್‌ಶೈರ್‌ನಲ್ಲಿ ಸೇಂಟ್ ಡೇವಿಡ್ಸ್ ಸುತ್ತ ನೇರಳೆ ಛಾಯೆಯ ಮರಳುಗಲ್ಲು, ಪ್ರೆಸೆಲಿ ಬೆಟ್ಟಗಳಲ್ಲಿ ನೀಲಿಬೂದು ಬಣ್ಣದ ಡಾಲರೈಟ್ ದೊರೆಯುತ್ತವೆ. ಸ್ಟೋನ್‌ಹೆಂಜ್‌ನ ಪ್ರಸಿದ್ಧ ‘ನೀಲಿಗಲ್ಲು’ಗಳು ಬಂದದ್ದು ಇದೇ ಪ್ರೆಸೆಲಿಯಿಂದ. ಗವರ್ ಪರ್ಯಾಯದ್ವೀಪ ಮತ್ತು ಗ್ಲಾಮೋರ್ಗನ್ ಕಣಿವೆಯಲ್ಲಿ ಸುಣ್ಣಕಲ್ಲು, ಕಲ್ಲಿದ್ದಲು ಕಣಿವೆಗಳಲ್ಲಿ ಪೆನಂಟ್ ಮರಳುಗಲ್ಲು, ಬ್ರೆಕನ್ ಮತ್ತು ಮನ್ಮತ್‌ಶೈರ್ ಪ್ರದೇಶದಲ್ಲಿ ಕೆಂಪು ಮರಳುಗಲ್ಲು ಬಳಕೆಯಾಗಿವೆ. ಮಧ್ಯ ವೇಲ್ಸ್‌ನ ಮಣ್ಣುಶಿಲೆಗಳು ಪದರ ಪದರವಾಗಿ ಸೀಳುವಂಥವು. ಅವುಗಳಿಂದ ಕಟ್ಟಿದ ಗೋಡೆಗಳಲ್ಲಿ ತೆಳುವಾದ ಸಾಲುಗಳು ಕಾಣುತ್ತವೆ.

ವೇಲ್ಸ್‌ನಲ್ಲೆಲ್ಲ ಕಲ್ಲೇ ಇತ್ತೆಂದು ಭಾವಿಸಬಾರದು. ಇಂಗ್ಲೆಂಡಿನ ಗಡಿಗೆ ಹೊಂದಿದ ಪೂರ್ವಭಾಗದಲ್ಲಿ ಓಕ್ ಮರದ ಚೌಕಟ್ಟಿನ ಕಟ್ಟಡಗಳು ಹೆಚ್ಚು. ಕೆರೆಡಿಗ್ಯನ್, ಕಾರ್ಮಾರ್ಥನ್‌ಶೈರ್ ಮತ್ತು ಹ್ಲೀನ್ ಪರ್ಯಾಯದ್ವೀಪದಲ್ಲಿ ಹುಲ್ಲು ಬೆರೆಸಿ ಕಲಸಿದ ಮಣ್ಣಿನ ಗೋಡೆಗಳಿದ್ದವು. ಇದಕ್ಕೆ ‘ಕ್ಲೋಮ್’ ಎಂಬ ಹೆಸರಿದೆ. ಮಣ್ಣಿನ ಗೋಡೆಗೂ ಕೆಳಗೆ ಒಂದೆರಡು ಅಡಿ ಕಲ್ಲಿನ ಪಾಯ ಇರುತ್ತಿತ್ತು.

ನಿರ್ಮಾಣ ವಿಧಾನ

ಗೋಡೆಗಳು

ಗೋಡೆಯ ದಪ್ಪ ಸಾಮಾನ್ಯವಾಗಿ ಸುಮಾರು 60 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು. ಅದು ಒಂದೇ ಗೋಡೆಯಂತೆ ಕಂಡರೂ ನಿಜವಾಗಿ ಎರಡು ಗೋಡೆಗಳು. ಒಳಮುಖ ಮತ್ತು ಹೊರಮುಖಗಳನ್ನು ಬೇರೆ ಬೇರೆಯಾಗಿ ಏರಿಸಿ, ನಡುವಿನ ಸಂದನ್ನು ಚೂರುಕಲ್ಲು ಮತ್ತು ಮಣ್ಣಿನಿಂದ ತುಂಬುತ್ತಿದ್ದರು. ಎರಡು ಮುಖಗಳು ಬಿಟ್ಟುಕೊಳ್ಳದಂತೆ ಅಲ್ಲಲ್ಲಿ ಗೋಡೆಯ ಪೂರ್ಣ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲುಗಳನ್ನು ಇಡುತ್ತಿದ್ದರು. ಉತ್ತಮ ಕಲ್ಲುಗಳನ್ನು ಮೂಲೆಗಳಿಗೂ ಬಾಗಿಲು ಕಿಟಕಿಗಳ ಅಂಚುಗಳಿಗೂ ಮೀಸಲಿಡಲಾಗುತ್ತಿತ್ತು. ತೆರಪುಗಳ ಮೇಲೆ ಓಕ್ ತೊಲೆ, ಉದ್ದನೆಯ ಕಲ್ಲು ಅಥವಾ ಒರಟು ಕಮಾನು ಇರುತ್ತಿತ್ತು.

ಕಲ್ಲುಗಳ ನಡುವಿನ ಗಾರೆಗೆ ಹೆಚ್ಚಾಗಿ ಜೇಡಿಮಣ್ಣೇ ಬಳಕೆಯಾಗುತ್ತಿತ್ತು. ಹೊರಗಿನ ಸಂದುಗಳಿಗೆ ಮಾತ್ರ ಸುಣ್ಣದ ಗಾರೆ. ಸುಣ್ಣಕಲ್ಲು ಇಲ್ಲದ ಪಶ್ಚಿಮ ಕರಾವಳಿಗೆ ಸಣ್ಣ ಹಡಗುಗಳಲ್ಲಿ ಸುಣ್ಣಕಲ್ಲನ್ನೂ ಕಲ್ಲಿದ್ದಲ ಪುಡಿಯನ್ನೂ ತಂದು ಸಮುದ್ರದಂಡೆಯ ಗೂಡುಗಳಲ್ಲಿ ಸುಡುತ್ತಿದ್ದರು. ಪೆಂಬ್ರೋಕ್‌ಶೈರ್‌ನ ಸೋಲ್ವಾ ಬಂದರಿನಲ್ಲಿ ಇಂತಹ ಸುಣ್ಣದ ಗೂಡುಗಳ ಸಾಲು ಇಂದಿಗೂ ಇದೆ. ಸುಟ್ಟ ಸುಣ್ಣದಲ್ಲಿ ಹೆಚ್ಚಿನ ಪಾಲು ಹುಳಿಮಣ್ಣನ್ನು ಸರಿಪಡಿಸಲು ಹೊಲಕ್ಕೆ ಹೋಗುತ್ತಿತ್ತು, ಉಳಿದದ್ದು ಕಟ್ಟಡಕ್ಕೆ.

ಗೋಡೆಗೆ ವರ್ಷವರ್ಷವೂ ಬಳಿಯುತ್ತಿದ್ದ ಸುಣ್ಣವು ಕೇವಲ ಅಲಂಕಾರವಲ್ಲ. ಅದು ಮಳೆನೀರು ಒಳಕ್ಕೆ ಇಳಿಯದಂತೆ ತಡೆಯುತ್ತದೆ. ಗೋಡೆಯೊಳಗಿನ ತೇವ ಆವಿಯಾಗಿ ಹೊರಹೋಗಲು ಅವಕಾಶವನ್ನೂ ಕೊಡುತ್ತದೆ. ಕೊಟ್ಟಿಗೆಯ ಒಳಗೋಡೆಗೆ ಬಳಿದ ಸುಣ್ಣ ಕ್ರಿಮಿನಾಶಕವೂ ಹೌದು, ಮಂದ ಬೆಳಕನ್ನು ಪ್ರತಿಫಲಿಸುವ ಸಾಧನವೂ ಹೌದು. ಗವರ್‌ನ ‘ಕೆನಿಕ್ಸ್‌ಟನ್’ ಒಕ್ಕಲುಮನೆಯ ಗೋಡೆಗಳಿಗೆ ಕೆಂಪು ಬಣ್ಣ ಬಳಿಯಲಾಗಿತ್ತು. ಕೆಂಪು ಬಣ್ಣ ದುಷ್ಟಶಕ್ತಿಗಳನ್ನು ದೂರವಿಡುತ್ತದೆಂಬ ನಂಬಿಕೆ ಇದಕ್ಕೆ ಕಾರಣವೆಂದು ಹೇಳಲಾಗಿದೆ.

ಚಾವಣಿ

ಹಳೆಯ ಚಾವಣಿಗಳು ಹುಲ್ಲಿನವು. ಗೋಧಿ ಅಥವಾ ಓಟ್ಸ್ ಹುಲ್ಲು, ಜೊಂಡು, ಜರೀಗಿಡ ಇವುಗಳನ್ನು ಹೆಣೆದ ಕಡ್ಡಿಗಳ ತಟ್ಟಿಯ ಮೇಲೆ ಹೊದಿಸುತ್ತಿದ್ದರು. ಚಾವಣಿಯ ಭಾರವನ್ನು ಹೊರಲು ಬಾಗಿದ ಓಕ್ ಮರವನ್ನು ಉದ್ದಕ್ಕೆ ಸೀಳಿ, ಎರಡು ಹೋಳುಗಳನ್ನು ಎದುರುಬದುರಾಗಿ ನಿಲ್ಲಿಸಿ ಕಮಾನಿನಂತೆ ಜೋಡಿಸುವ ಪದ್ಧತಿಯೊಂದಿತ್ತು. ವೆಲ್ಷ್ ಭಾಷೆಯಲ್ಲಿ ಇದಕ್ಕೆ ‘ನೆನ್‌ಫೋರ್ಖ್’ ಎನ್ನುತ್ತಾರೆ. ಈ ಜೋಡಿಯ ಬುಡ ನೆಲದಿಂದಲೇ ಅಥವಾ ಗೋಡೆಯ ಕೆಳಭಾಗದಿಂದಲೇ ಆರಂಭವಾಗುವುದರಿಂದ ಭಾರ ಗೋಡೆಯ ಮೇಲೆ ಬೀಳುವುದಿಲ್ಲ. ಆದ್ದರಿಂದಲೇ ಮೂಲತಃ ಮರದ್ದಾಗಿದ್ದ ಅನೇಕ ಕಟ್ಟಡಗಳ ಚಾವಣಿಯನ್ನು ಇಳಿಸದೆಯೇ ಗೋಡೆಗಳನ್ನು ಕಲ್ಲಿಗೆ ಬದಲಾಯಿಸುವುದು ಸಾಧ್ಯವಾಯಿತು. ಕಲ್ಲುಗೋಡೆಯ ಒಳಗೆ ಅದಕ್ಕಿಂತ ಹಳೆಯ ಮರದ ಜೋಡಣೆ ಅಡಗಿರುವುದು ಹೀಗೆ.

ಸ್ಲೇಟು ಚಾವಣಿ ಮೊದಲು ಗಣಿಗಳ ಸಮೀಪದಲ್ಲಿ ಮಾತ್ರವಿತ್ತು. ಹಿಂದೆ ಶಾಲಾಮಕ್ಕಳು ಬರೆಯಲು ಬಳಸುತ್ತಿದ್ದ ಸ್ಲೇಟು ಇದೇ ಕಲ್ಲು. ಸೀಳಿದರೆ ತೆಳುವಾದ, ನೀರು ಹೀರದ ಹಲಗೆಗಳಾಗುತ್ತದೆ. ಹಳೆಯ ಸ್ಲೇಟುಗಳು ಒಂದೇ ಅಳತೆಯವಲ್ಲ. ದೊಡ್ಡವನ್ನು ಸೂರಿನ ಬಳಿ, ಮೇಲೆ ಹೋದಂತೆ ಚಿಕ್ಕವನ್ನು ಹೊದಿಸುತ್ತಿದ್ದರು. ಪ್ರತಿ ಸ್ಲೇಟಿನ ತಲೆಯಲ್ಲಿ ರಂಧ್ರ ಕೊರೆದು ಓಕ್ ಮರದ ಬೆಣೆಯಿಂದ ಪಟ್ಟಿಗೆ ತೂಗುಹಾಕಿ, ಒಳಗಿನಿಂದ ಕೂದಲು ಬೆರೆಸಿದ ಸುಣ್ಣದ ಗಾರೆಯನ್ನು ಮೆತ್ತುತ್ತಿದ್ದರು. 18ನೆಯ ಶತಮಾನದ ಕೊನೆಯಲ್ಲಿ ಪೆನ್ರಿನ್ ಮೊದಲಾದ ದೊಡ್ಡ ಗಣಿಗಳು ಬೆಳೆದ ಮೇಲೆ ನಿಗದಿತ ಅಳತೆಯ ಸ್ಲೇಟುಗಳು ಬಂದವು. ಅಳತೆಗೆ ತಕ್ಕಂತೆ ಅವಕ್ಕೆ ‘ಡಚೆಸ್’, ‘ಕೌಂಟೆಸ್’, ‘ಲೇಡಿ’ ಎಂದು ಕುಲೀನ ಸ್ತ್ರೀಯರ ಪದವಿಗಳ ಹೆಸರಿಟ್ಟರು. 1831ರಲ್ಲಿ ಸ್ಲೇಟಿನ ಮೇಲಿನ ಸುಂಕ ರದ್ದಾಯಿತು. ಅನಂತರ ರೈಲುಮಾರ್ಗಗಳು ಬಂದವು. ಹುಲ್ಲಿನ ಚಾವಣಿ ಕ್ರಮೇಣ ಮರೆಯಾಯಿತು. ಬಿರುಗಾಳಿಯ ಪೆಂಬ್ರೋಕ್‌ಶೈರ್ ಕರಾವಳಿಯಲ್ಲಿ ಸ್ಲೇಟುಗಳು ಹಾರದಂತೆ ಇಡೀ ಚಾವಣಿಗೆ ತೆಳುವಾದ ಗಾರೆಯನ್ನು ಎರೆಯುವ ರೂಢಿ ಬೆಳೆಯಿತು.

ಕಟ್ಟಡಗಳ ವಿಧಗಳು

ಉದ್ದಮನೆ

‘ಟೀ ಹೀರ್’ ಎಂದರೆ ಉದ್ದನೆಯ ಮನೆ. ಮನುಷ್ಯರೂ ದನಗಳೂ ಒಂದೇ ಚಾವಣಿಯ ಕೆಳಗೆ, ಒಂದೇ ಸಾಲಿನಲ್ಲಿ ವಾಸಿಸುವ ಮನೆ ಇದು. ಕಟ್ಟಡವನ್ನು ಇಳಿಜಾರಿಗೆ ಅಡ್ಡಲಾಗಿ ಕಟ್ಟದೆ ಇಳಿಜಾರಿನ ಉದ್ದಕ್ಕೆ ಕಟ್ಟುತ್ತಿದ್ದರು. ಮೇಲ್ತುದಿಯಲ್ಲಿ ಮನೆಯವರು, ಕೆಳತುದಿಯಲ್ಲಿ ದನಗಳು, ನಡುವೆ ಎರಡೂ ಬದಿಗೆ ಬಾಗಿಲಿರುವ ಒಂದು ಓಣಿ. ಗಂಜಲ ಮತ್ತು ನೀರು ತಾವಾಗಿಯೇ ಕೆಳಕ್ಕೆ ಹರಿದುಹೋಗುತ್ತಿದ್ದವು. ದನಗಳ ಮೈಬಿಸಿ ಚಳಿಗಾಲದಲ್ಲಿ ಮನೆಗೂ ದೊರೆಯುತ್ತಿತ್ತು. ಹಿಮ ಸುರಿಯುವ ರಾತ್ರಿ ಹೊರಗೆ ಹೋಗದೆಯೇ ರಾಸುಗಳನ್ನು ನೋಡಿಕೊಳ್ಳಬಹುದಾಗಿತ್ತು.

ಮಧ್ಯ ವೇಲ್ಸ್‌ನ ಕ್ಲೈರ್ವೆನ್ ಕಣಿವೆಯ ‘ಕಿಲೆವೆಂಟ್’ ಈ ವರ್ಗದ ಪ್ರಸಿದ್ಧ ಮನೆ. ಸುಮಾರು 1470ರಲ್ಲಿ ಮರದ ಚೌಕಟ್ಟಿನ ಮನೆಯಾಗಿ ಹುಟ್ಟಿ, 18ನೆಯ ಶತಮಾನದಲ್ಲಿ ಕಲ್ಲಿನ ಗೋಡೆಗಳನ್ನು ಪಡೆದ ಇದನ್ನು ಬಿಚ್ಚಿ ತಂದು ಸೇಂಟ್ ಫ್ಯಾಗನ್ಸ್‌ನಲ್ಲಿ ಮತ್ತೆ ಕಟ್ಟಲಾಗಿದೆ. ಕಾಲಕ್ರಮದಲ್ಲಿ ಮನೆ ಮತ್ತು ಕೊಟ್ಟಿಗೆಗಳ ನಡುವಿನ ಬಾಗಿಲು ಮುಚ್ಚಿತು. ಒಂದೇ ಸಾಲಿನಲ್ಲಿದ್ದರೂ ಎರಡಕ್ಕೂ ಬೇರೆ ಬೇರೆ ಬಾಗಿಲುಗಳಿರುವ ಮಾದರಿ ಚಿಕ್ಕ ಹಿಡುವಳಿಗಳಲ್ಲಿ ಸಾಮಾನ್ಯವಾಯಿತು. ಅನೇಕ ಕಡೆ ಹಳೆಯ ಕೊಟ್ಟಿಗೆಯ ಭಾಗವೇ ಮುಂದೆ ಅಡುಗೆಮನೆ ಅಥವಾ ಕೋಣೆಯಾಗಿ ಬದಲಾಗಿದೆ.

ಒಕ್ಕಣೆಮನೆ

ವೆಲ್ಷ್ ಭಾಷೆಯಲ್ಲಿ ‘ಅಸ್ಗಿಬೊರ್’ ಎಂದು ಕರೆಯುವ ಈ ಕಟ್ಟಡದಲ್ಲಿ ತೆನೆಯ ಕಟ್ಟುಗಳನ್ನು ಒಟ್ಟಿಡುತ್ತಿದ್ದರು. ಚಳಿಗಾಲದುದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಒಕ್ಕುತ್ತಿದ್ದರು. ಮಳೆನಾಡಾದ್ದರಿಂದ ಬಯಲಿನಲ್ಲಿ ಕಣ ಮಾಡುವುದು ಅಸಾಧ್ಯ. ಕಣ ಕಟ್ಟಡದೊಳಗೇ ಇರಬೇಕಾಯಿತು. ಕಟ್ಟಡದ ನಡುವಿನ ಅಂಕಣದಲ್ಲಿ ಮರದ ಹಲಗೆ, ಚಪ್ಪಡಿ ಅಥವಾ ಗಟ್ಟಿಸಿದ ಮಣ್ಣಿನ ಕಣ, ಅದರ ಎರಡು ಬದಿಗೆ ಎದುರುಬದುರಾಗಿ ಎತ್ತರದ ಬಾಗಿಲುಗಳು. ಕೋಲಿನಿಂದ ಬಡಿದು ಒಕ್ಕಿದ ಮೇಲೆ ಎರಡೂ ಬಾಗಿಲುಗಳನ್ನು ತೆರೆದರೆ ಒಳಗೆ ಗಾಳಿ ಹಾಯುತ್ತಿತ್ತು. ಆ ಗಾಳಿಯಲ್ಲಿ ತೂರಿದಾಗ ಹೊಟ್ಟು ಹಾರಿ ಕಾಳು ಕೆಳಗೆ ಉಳಿಯುತ್ತಿತ್ತು.

ಗೋಡೆಯಲ್ಲಿ ಕಿಟಕಿಗಳ ಬದಲು ಉದ್ದನೆಯ ಕಿರು ಸೀಳುಗಳಿರುತ್ತವೆ. ಹೊರಗಿನಿಂದ ಬಾಣಬಿಡುವ ಕಿಂಡಿಗಳಂತೆ ಕಾಣುವ ಇವುಗಳಿಗೂ ಯುದ್ಧಕ್ಕೂ ಸಂಬಂಧವಿಲ್ಲ. ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಈ ಸೀಳುಗಳು ಮಳೆಯನ್ನು ತಡೆದು ಗಾಳಿಯನ್ನು ಒಳಬಿಡುತ್ತವೆ. ಒಟ್ಟಿದ ಪೈರು ಬೂಸು ಹಿಡಿಯದಂತೆ ಕಾಪಾಡುತ್ತವೆ. ಮೇಲೆ ತ್ರಿಕೋನ ಗೋಡೆಯಲ್ಲಿ ಗೂಬೆಗಾಗಿ ಬಿಟ್ಟ ರಂಧ್ರವಿರುವುದೂ ಉಂಟು. ಕಾಳು ತಿನ್ನುವ ಇಲಿಗಳನ್ನು ಹಿಡಿಯುವ ಗೂಬೆ ರೈತನಿಗೆ ಬೇಕಾದ ಅತಿಥಿಯಾಗಿತ್ತು.

ದನದ ಕೊಟ್ಟಿಗೆ

ಪಶುಪಾಲನೆಯೇ ಮುಖ್ಯವಾದ ನಾಡಿನಲ್ಲಿ ಅತ್ಯಂತ ಹೆಚ್ಚಾಗಿ ಕಾಣುವ ಕಟ್ಟಡ ‘ಬೆಯ್ಡಿ’, ಅಂದರೆ ದನದ ಮನೆ. ತಗ್ಗಾದ ಗೋಡೆ, ಕಿರಿದಾದ ಬಾಗಿಲು, ಬಹಳ ಕಡಿಮೆ ಕಿಟಕಿಗಳು ಇದರ ಲಕ್ಷಣ. ದನಗಳನ್ನು ಜೋಡಿಜೋಡಿಯಾಗಿ ಕಟ್ಟುತ್ತಿದ್ದರು. ಜೋಡಿಗಳ ನಡುವೆ ಮರದ ಅಡ್ಡಗಳು, ಗ್ವಿನೆಧ್ ಪ್ರದೇಶದಲ್ಲಿ ನಿಲ್ಲಿಸಿದ ಸ್ಲೇಟು ಚಪ್ಪಡಿಗಳು. ಕೊರಳಿನ ಕಟ್ಟಿಗೆ ‘ಐರ್ವಿ’ ಎಂಬ ಹೆಸರು. ದೊಡ್ಡ ಕೊಟ್ಟಿಗೆಗಳಲ್ಲಿ ಗೋದಲಿಗಳ ಮುಂದೆ ಮೇವು ಹಾಕಲು ನಡೆದಾಡುವ ‘ಬಿಂಗ್’ ಎಂಬ ಓಣಿ, ಹಿಂಬದಿಯಲ್ಲಿ ಸಗಣಿಯ ಕಾಲುವೆ. ಮೇಲೆ ‘ಟಾವ್ಲೊಡ್’ ಎಂಬ ಹುಲ್ಲಿನ ಅಟ್ಟ. ಇಳಿಜಾರಿನಲ್ಲಿ ಕಟ್ಟಿದರೆ ಹಿಂಬದಿಯ ಎತ್ತರದ ನೆಲದಿಂದ ನೇರವಾಗಿ ಅಟ್ಟಕ್ಕೆ ಹುಲ್ಲನ್ನು ತುಂಬಿ, ಅಲ್ಲಿಂದ ಕೆಳಗಿನ ಗೋದಲಿಗೆ ದೂಡಬಹುದಾಗಿತ್ತು. ಬೆಟ್ಟದ ಇಳಿಜಾರೇ ಇಲ್ಲಿ ಏಣಿಯ ಕೆಲಸ ಮಾಡುತ್ತಿತ್ತು.

ಮನೆಯಿಂದ ದೂರದ ಹೊಲಗಳಲ್ಲಿ ಒಂಟಿ ಕೊಟ್ಟಿಗೆಗಳಿರುವುದುಂಟು. ಹುಲ್ಲನ್ನು ಮನೆಗೆ ತಂದು ಗೊಬ್ಬರವನ್ನು ಮತ್ತೆ ಹೊಲಕ್ಕೆ ಹೊರುವುದಕ್ಕಿಂತ ಹುಲ್ಲು ಬೆಳೆದಲ್ಲೇ ದನ ಕಟ್ಟಿ ಗೊಬ್ಬರವನ್ನು ಅಲ್ಲೇ ಹರಡುವುದು ಸುಲಭ.

ಕುದುರೆ ಲಾಯ, ಕಣಜ ಮತ್ತು ಬಂಡಿಮನೆ

18ನೆಯ ಶತಮಾನದಿಂದ ಉಳುಮೆಗೆ ಎತ್ತುಗಳ ಬದಲು ಕುದುರೆಗಳು ಬಂದಂತೆ ಲಾಯಗಳು ಹೆಚ್ಚಿದವು. ಕುದುರೆ ಬೆಲೆಬಾಳುವ ಪ್ರಾಣಿಯಾದ್ದರಿಂದ ಲಾಯಕ್ಕೆ ಎತ್ತರದ ಬಾಗಿಲು, ಕಿಟಕಿ ಮತ್ತು ಅಂಗಳದಲ್ಲಿ ಮನೆಗೆ ಹತ್ತಿರದ ಸ್ಥಾನ ದೊರೆಯುತ್ತಿತ್ತು. ಕೆಲಸದ ಆಳುಗಳು ಲಾಯದ ಮೇಲಿನ ಅಟ್ಟದಲ್ಲಿ ಮಲಗುವ ಪದ್ಧತಿ ವಿಶೇಷವಾಗಿ ವಾಯವ್ಯ ವೇಲ್ಸ್‌ನಲ್ಲಿತ್ತು. ಕಣಜವನ್ನು ಸಾಮಾನ್ಯವಾಗಿ ಬಂಡಿಮನೆಯ ಮೇಲಂತಸ್ತಿನಲ್ಲಿ ಕಟ್ಟುತ್ತಿದ್ದರು. ಕೆಳಗೆ ತೆರೆದ ಕಮಾನುಗಳಲ್ಲಿ ಗಾಡಿಗಳು, ಮೇಲೆ ನೆಲದ ತೇವ ಮತ್ತು ಇಲಿಗಳಿಂದ ದೂರವಾಗಿ ಧಾನ್ಯ, ಹೊರಗಿನಿಂದ ಕಲ್ಲಿನ ಮೆಟ್ಟಿಲು. ಮೆಟ್ಟಿಲುಗಳ ಕೆಳಗಿನ ಪೊಳ್ಳಿನಲ್ಲಿ ನಾಯಿಗೋ ಬಾತುಗಳಿಗೋ ಗೂಡು ಮಾಡಿರುವುದೂ ಉಂಟು.

ಹಂದಿಗೂಡು

‘ಟುಲ್ಕ್’ ಎಂಬ ಹಂದಿಗೂಡು ಅತಿ ಚಿಕ್ಕ ಹಿಡುವಳಿಯಲ್ಲೂ ಇರುತ್ತಿತ್ತು. ಆಗ್ನೇಯ ವೇಲ್ಸ್‌ನಲ್ಲಿ, ವಿಶೇಷವಾಗಿ ಗ್ಲಾಮೋರ್ಗನ್ ಪ್ರದೇಶದಲ್ಲಿ, ಇವು ವೃತ್ತಾಕಾರದವು. ಗಾರೆಯಿಲ್ಲದೆ ಜೋಡಿಸಿದ ಚಪ್ಪಟೆ ಕಲ್ಲುಗಳ ಪ್ರತಿ ಸುತ್ತನ್ನೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚಿ, ಕೊನೆಗೆ ಮೇಲಿನ ರಂಧ್ರವನ್ನು ಒಂದೇ ಕಲ್ಲಿನಿಂದ ಮುಚ್ಚಿದರೆ ಜೇನುಗೂಡಿನಾಕಾರದ ಗುಮ್ಮಟ ಸಿದ್ಧ. ಮರದ ತುಂಡೊಂದೂ ಬೇಕಿಲ್ಲ. ಪಾಂಟಿಪ್ರಿಧ್ ಸಮೀಪದ ‘ಹೆಂಡ್ರೆ ಇವಾನ್ ಪ್ರಾಸರ್’ ಕೃಷಿಕ್ಷೇತ್ರದ, ಸುಮಾರು 1800ರ ಇಂತಹ ಗೂಡೊಂದು ಸೇಂಟ್ ಫ್ಯಾಗನ್ಸ್‌ನಲ್ಲಿದೆ. ಈ ತಂತ್ರ ಇತಿಹಾಸಪೂರ್ವ ಕಾಲದ ಸಮಾಧಿಗಳಲ್ಲೂ ಕಂಡುಬರುವುದರಿಂದ ಹಂದಿಗೂಡುಗಳೂ ಬಹು ಪುರಾತನವೆಂದು ಹಿಂದೆ ಕೆಲವರು ಭಾವಿಸಿದ್ದರು. ಆದರೆ ಉಳಿದಿರುವ ಗೂಡುಗಳು ಹೆಚ್ಚಾಗಿ 18 ಮತ್ತು 19ನೆಯ ಶತಮಾನದವು.

ಪಾರಿವಾಳದ ಮನೆ

ಚಳಿಗಾಲದಲ್ಲಿ ತಾಜಾ ಮಾಂಸಕ್ಕಾಗಿ ಪಾರಿವಾಳಗಳನ್ನು ಸಾಕುವುದು ಮಠಗಳ ಮತ್ತು ದೊಡ್ಡ ಜಮೀನ್ದಾರರ ಹಕ್ಕಾಗಿತ್ತು. ಆಂಗ್ಲ್‌ಸಿ ದ್ವೀಪದ ಪೆನ್ಮೋನ್‌ನಲ್ಲಿ ಸುಮಾರು 1600ರಲ್ಲಿ ಸರ್ ರಿಚರ್ಡ್ ಬಲ್ಕ್‌ಲಿ ಕಟ್ಟಿಸಿದ ಚೌಕಾಕಾರದ ಪಾರಿವಾಳದ ಮನೆ ಸುಸ್ಥಿತಿಯಲ್ಲಿದೆ. ಅದರ ಒಳಗೋಡೆಗಳಲ್ಲಿ ಸುಮಾರು 1000 ಗೂಡುಗಳಿವೆ. ನಡುವಿನ ಕಲ್ಲಿನ ಕಂಬವು ಗೂಡುಗಳನ್ನು ತಲುಪಲು ಸುತ್ತ ತಿರುಗುತ್ತಿದ್ದ ಏಣಿಗೆ ಆಧಾರವಾಗಿತ್ತು.

ಬೇಸಗೆಯ ನೆಲೆ

‘ಹೆಂಡ್ರೆ’ ಎಂದರೆ ಕಣಿವೆಯಲ್ಲಿನ ಮೂಲನೆಲೆ; ‘ಹಾವೊಡ್’ ಎಂದರೆ ಬೇಸಗೆಯ ನೆಲೆ. ಮೇ ತಿಂಗಳಿನ ವೇಳೆಗೆ ದನಗಳೊಡನೆ ಬೆಟ್ಟವನ್ನೇರಿ, ಅಲ್ಲಿ ಬೆಣ್ಣೆ ಮತ್ತು ಗಿಣ್ಣು ತಯಾರಿಸಿ, ಶರತ್ಕಾಲದಲ್ಲಿ ಹಿಂದಿರುಗುವುದು ಹಳೆಯ ಕ್ರಮ. ಕುರಿಸಾಕಣೆ ಹೆಚ್ಚಿದಂತೆ 18ನೆಯ ಶತಮಾನದಲ್ಲಿ ಈ ವಲಸೆ ನಿಂತಿತು. ಕೆಲವು ಬೇಸಗೆಯ ಗುಡಿಸಲುಗಳು ಶಾಶ್ವತ ಕೃಷಿಕ್ಷೇತ್ರಗಳಾದವು, ಉಳಿದವು ಕಲ್ಲಿನ ದಿಬ್ಬಗಳಾದವು. ಆದರೆ ‘ಹೆಂಡ್ರೆ’, ‘ಹಾವೊಡ್’ ಪದಗಳಿರುವ ಸ್ಥಳನಾಮಗಳು ವೇಲ್ಸ್‌ನ ನಕ್ಷೆಯ ತುಂಬ ಇವೆ.

ಜೋಡಣೆ ಮತ್ತು ಅಂಗಳ

ಕಟ್ಟಡಗಳು ಸುತ್ತುವರಿದ ಅಂಗಳಕ್ಕೆ ‘ಬಿಯಾರ್ಥ್’ ಎಂಬ ಹೆಸರು. ಚಿಕ್ಕ ಹಿಡುವಳಿಯಲ್ಲಿ ಎಲ್ಲವೂ ಒಂದೇ ಸಾಲಿನಲ್ಲಿರುತ್ತವೆ. ಮಧ್ಯಮ ಹಿಡುವಳಿಗಳಲ್ಲಿ ಕಟ್ಟಡಗಳು ಲಂಬಕೋನದಲ್ಲಿ ಎರಡು ಸಾಲಾಗಿ ಅಥವಾ ಅಲ್ಲಲ್ಲಿ ಚದುರಿಕೊಂಡಿರುತ್ತವೆ. ಹಣ ಕೂಡಿದಂತೆ ಒಂದೊಂದೇ ಸೇರಿದ್ದರಿಂದ ಅವುಗಳಲ್ಲಿ ಕ್ರಮಬದ್ಧತೆ ಇಲ್ಲ. ಗಾಳಿಮಳೆ ಬೀಸುವ ನೈಋತ್ಯ ದಿಕ್ಕಿಗೆ ಬೆನ್ನು ಮಾಡಿ, ಗುಡ್ಡದ ಮಡಿಲಿನಲ್ಲಿ, ನೀರಿನ ಒರತೆಯ ಹತ್ತಿರ ಕಟ್ಟುವುದು ಸಾಮಾನ್ಯ.

ಹೊಲದ ಎಲ್ಲೆಗಳೂ ಈ ವಾಸ್ತುವಿನ ಭಾಗವೇ. ಬೆಟ್ಟಗಳಲ್ಲಿ ಗಾರೆಯಿಲ್ಲದ ಕಲ್ಲುಗೋಡೆಗಳು, ಪೆಂಬ್ರೋಕ್‌ಶೈರ್‌ನಲ್ಲಿ ಎರಡೂ ಬದಿಗೆ ಕಲ್ಲು ಹೊದಿಸಿದ ಮಣ್ಣಿನ ದಿಂಡುಗಳು, ಸ್ಲೇಟು ಗಣಿಗಳ ಸುತ್ತ ನೆಲದಲ್ಲಿ ನೆಟ್ಟು ತಂತಿಯಿಂದ ಹೆಣೆದ ಸ್ಲೇಟು ಹಲಗೆಗಳ ಬೇಲಿ ಕಂಡುಬರುತ್ತವೆ.

19ನೆಯ ಶತಮಾನದ ಬದಲಾವಣೆಗಳು

ಜಮೀನ್ದಾರಿ ಎಸ್ಟೇಟುಗಳು ತಮ್ಮ ಗೇಣಿದಾರರಿಗಾಗಿ ಯೋಜನಾಬದ್ಧ ಕಟ್ಟಡಗಳನ್ನು ಕಟ್ಟಿಸತೊಡಗಿದವು. ಅಂಗಳದ ಸುತ್ತ ಸಮಮಿತಿಯಲ್ಲಿ ನಿಂತ, ಏಕರೂಪದ ಕಲ್ಲುಕೆಲಸದ ಸಾಲುಗಳು ಈ ಕಾಲದವು. 1786ರಲ್ಲಿ ಸ್ಕಾಟ್ಲೆಂಡಿನ ಆಂಡ್ರ್ಯೂ ಮೀಕಲ್ ಒಕ್ಕಣೆ ಯಂತ್ರವನ್ನು ರೂಪಿಸಿದ ಮೇಲೆ ಕೋಲಿನ ಒಕ್ಕಣೆ ನಿಧಾನವಾಗಿ ಹಿಂದೆ ಸರಿಯಿತು. ಯಂತ್ರವನ್ನು ತಿರುಗಿಸಲು ಒಕ್ಕಣೆಮನೆಯ ಪಕ್ಕದಲ್ಲಿ ಕುದುರೆ ಸುತ್ತುವ ವೃತ್ತಾಕಾರದ ಕಣ ಅಥವಾ ನೀರಿನ ಚಕ್ರ ಬಂದಿತು. ತೊರೆಗಳು ಹೇರಳವಾಗಿದ್ದ ವೇಲ್ಸ್‌ಗೆ ನೀರಿನ ಚಕ್ರ ಹೇಳಿಮಾಡಿಸಿದಂತಿತ್ತು.

1870ರ ದಶಕದ ಅನಂತರ ಹೊರದೇಶಗಳಿಂದ ಅಗ್ಗದ ಧಾನ್ಯ ಬರತೊಡಗಿತು. ವೇಲ್ಸ್‌ನ ಅನೇಕ ಹೊಲಗಳು ಹುಲ್ಲುಗಾವಲುಗಳಾದವು, ಒಕ್ಕಣೆಮನೆಗಳು ಕೊಟ್ಟಿಗೆಗಳಾದವು. ಸುಕ್ಕುಗಟ್ಟಿದ ಕಬ್ಬಿಣದ ತಗಡು ಅಗ್ಗವಾಗಿ ದೊರೆತ ಮೇಲೆ ಹೊಸದಾಗಿ ಕಲ್ಲಿನಲ್ಲಿ ಕಟ್ಟುವವರು ವಿರಳರಾದರು. ಎರಡನೆಯ ಮಹಾಯುದ್ಧದ ಅನಂತರ ಟ್ರ್ಯಾಕ್ಟರುಗಳು ಬಂದವು. ಹಳೆಯ ಕೊಟ್ಟಿಗೆಯ ಬಾಗಿಲು ಯಂತ್ರಗಳಿಗೆ ಕಿರಿದಾಯಿತು, ಹಿಂಡು ಅಂಕಣಗಳಿಗೆ ಮೀರಿ ಬೆಳೆಯಿತು.

ತೆರವಾದ ನೆಲೆಗಳು

ಕೆಲವು ಕಡೆ ಕಟ್ಟಡಗಳು ಕ್ರಮೇಣ ಅಲ್ಲ, ಒಮ್ಮೆಲೇ ಬರಿದಾದವು. ಬರ್ಮಿಂಗ್‌ಹ್ಯಾಮ್ ನಗರದ ನೀರಿಗಾಗಿ 1893ರಿಂದ 1904ರವರೆಗೆ ಏಲಾನ್ ಕಣಿವೆಯಲ್ಲಿ ಅಣೆಕಟ್ಟುಗಳನ್ನು ಕಟ್ಟಿದಾಗ ಒಕ್ಕಲುಮನೆಗಳು ಮುಳುಗಿದವು. 1940ರಲ್ಲಿ ಸೈನಿಕ ತರಬೇತಿಗಾಗಿ ಬ್ರೆಕನ್ ಸಮೀಪದ ಎಪಿಂಟ್ ಬೆಟ್ಟಪ್ರದೇಶವನ್ನು ವಶಪಡಿಸಿಕೊಂಡಾಗ 54 ಮನೆಗಳ 219 ಜನರು ಊರು ತೊರೆಯಬೇಕಾಯಿತು. ಆ ಭೂಮಿ ಮರಳಿ ಅವರಿಗೆ ದೊರೆಯಲಿಲ್ಲ. 1965ರಲ್ಲಿ ಲಿವರ್‌ಪೂಲ್ ನಗರಕ್ಕೆ ನೀರೊದಗಿಸಲು ಟ್ರಿವೆರಿನ್ ಕಣಿವೆಯಲ್ಲಿ ಜಲಾಶಯವಾದಾಗ ಕಾಪೆಲ್ ಕೆಲಿನ್ ಎಂಬ ಹಳ್ಳಿಯೂ ಸುತ್ತಲಿನ ಕೃಷಿಕ್ಷೇತ್ರಗಳೂ ನೀರಿನಡಿ ಸೇರಿದವು. ಈ ಸ್ಥಳಗಳಲ್ಲಿದ್ದವರು ಬಹುತೇಕ ವೆಲ್ಷ್ ಮಾತಾಡುವ ಸಮುದಾಯದವರು ಅಥವಾ ಆ ಭಾಷೆಯ ನೆನಪನ್ನು ಉಳಿಸಿಕೊಂಡವರು. ಆದ್ದರಿಂದ ಕಟ್ಟಡಗಳ ನಾಶವನ್ನು ಅಲ್ಲಿನ ಜನ ಭಾಷೆಯ ನಾಶದೊಡನೆ ಸೇರಿಸಿಯೇ ನೆನೆಯುತ್ತಾರೆ.

ಅಧ್ಯಯನ

ರೈತರ ಕಟ್ಟಡಗಳು ಅಧ್ಯಯನಕ್ಕೆ ಯೋಗ್ಯವೆಂಬ ಅರಿವು 20ನೆಯ ಶತಮಾನದಲ್ಲಿ ಮೂಡಿತು. ಯೊರ್ವರ್ತ್ ಪೀಟ್ 1940ರಲ್ಲಿ ‘ದ ವೆಲ್ಷ್ ಹೌಸ್’ ಗ್ರಂಥವನ್ನು ಪ್ರಕಟಿಸಿದರು. 1948ರಲ್ಲಿ ಕಾರ್ಡಿಫ್ ಸಮೀಪದ ಸೇಂಟ್ ಫ್ಯಾಗನ್ಸ್‌ನಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯಕ್ಕೆ ಅವರೇ ಮೊದಲ ಮುಖ್ಯಸ್ಥರು. ಉದ್ದಮನೆಯೇ ವೆಲ್ಷ್ ಒಕ್ಕಲುಮನೆಯ ಮೂಲರೂಪವೆಂಬುದು ಪೀಟ್ ಅವರ ನಿಲುವು. ಸರ್ ಸಿರಿಲ್ ಫಾಕ್ಸ್ ಮತ್ತು ಲಾರ್ಡ್ ರ‍್ಯಾಗ್ಲನ್ ಅವರು ಮನ್ಮತ್‌ಶೈರ್‌ನ ಮನೆಗಳನ್ನು ಅಳೆದು 1951ರಿಂದ 1954ರ ನಡುವೆ ಮೂರು ಸಂಪುಟಗಳನ್ನು ಹೊರತಂದರು. 1975ರಲ್ಲಿ ಪೀಟರ್ ಸ್ಮಿತ್ ಇಡೀ ವೇಲ್ಸ್‌ನ ಗ್ರಾಮೀಣ ಮನೆಗಳ ಸಮಗ್ರ ಗ್ರಂಥವನ್ನು ಪ್ರಕಟಿಸಿದರು. ಉದ್ದಮನೆಯು ಎಲ್ಲೆಡೆಯ ಮೂಲರೂಪವಲ್ಲ, ಅದು ಕೆಲವು ಪ್ರದೇಶಗಳ ಮತ್ತು ಒಂದು ಆರ್ಥಿಕ ಸ್ತರದ ಮಾದರಿ ಎಂಬ ಅಭಿಪ್ರಾಯ ಈ ಸಂಶೋಧನೆಗಳಿಂದ ಬಲಗೊಂಡಿತು. ಕೊಟ್ಟಿಗೆ, ಒಕ್ಕಣೆಮನೆಗಳನ್ನೇ ಪ್ರಧಾನವಾಗಿರಿಸಿಕೊಂಡ ಅಧ್ಯಯನ 1986ರಲ್ಲಿ ಪ್ರಕಟವಾದ ಐರ್ವಿನ್ ವಿಲಿಯಮ್ ಅವರ ಗ್ರಂಥ. ಇತ್ತೀಚೆಗೆ ತೊಲೆಗಳ ವಾರ್ಷಿಕ ಉಂಗುರಗಳ ವಿನ್ಯಾಸವನ್ನು ಹೋಲಿಸಿ ಮರ ಕಡಿದ ವರ್ಷವನ್ನೇ ನಿರ್ಧರಿಸುವ ವಿಧಾನದಿಂದ ಅನೇಕ ಮನೆಗಳ ಕಾಲ ಖಚಿತವಾಗಿದೆ.

ಸಂರಕ್ಷಣೆ ಮತ್ತು ಮರುಬಳಕೆ

ವೇಲ್ಸ್‌ನ ಐತಿಹಾಸಿಕ ಪರಿಸರದ ಹೊಣೆ 1984ರಲ್ಲಿ ಸ್ಥಾಪನೆಯಾದ ‘ಕ್ಯಾಡು’ ಸಂಸ್ಥೆಯದು. ಆ ಹೆಸರಿಗೆ ವೆಲ್ಷ್ ಭಾಷೆಯಲ್ಲಿ ‘ಉಳಿಸಿಕೊಳ್ಳು’ ಎಂದರ್ಥ. ವೇಲ್ಸ್‌ನಲ್ಲಿ ಸುಮಾರು 30,000 ಕಟ್ಟಡಗಳು ಸಂರಕ್ಷಿತ ಪಟ್ಟಿಯಲ್ಲಿವೆ. ಕೃಷಿ ಕಟ್ಟಡಗಳೂ ಅವುಗಳಲ್ಲಿ ಸೇರಿವೆ. ಪಟ್ಟಿಯಲ್ಲಿರುವ ಒಕ್ಕಲುಮನೆಯ ಆವರಣದೊಳಗೆ 1948ರ ಜುಲೈ 1ಕ್ಕೆ ಮೊದಲೇ ಇದ್ದ ಕೊಟ್ಟಿಗೆಗಳಿಗೂ ಸಾಮಾನ್ಯವಾಗಿ ಅದೇ ರಕ್ಷಣೆ ದೊರೆಯುತ್ತದೆ. ಆದರೂ ಬಹುಪಾಲು ಕೊಟ್ಟಿಗೆಗಳು ಯಾವ ಪಟ್ಟಿಯಲ್ಲೂ ಇಲ್ಲ.

ಕಟ್ಟಡವನ್ನು ಉಳಿಸುವ ಮೊದಲ ಹೆಜ್ಜೆ ಚಾವಣಿಯನ್ನು ಉಳಿಸುವುದು. ಕೆಲವು ಸ್ಲೇಟುಗಳು ಜಾರಿದರೆ ನೀರು ಗೋಡೆಯ ನೆತ್ತಿಗೆ ಇಳಿಯುತ್ತದೆ; ಗೋಡೆಯ ನಡುವಿನ ಮಣ್ಣು ತೊಳೆದುಹೋಗಿ ಎರಡು ಮುಖಗಳು ಉಬ್ಬಿ ಬೇರ್ಪಡುತ್ತವೆ. ಅನಂತರ ಕುಸಿತ ಶೀಘ್ರ. ತಪ್ಪು ದುರಸ್ತಿಯೂ ಅಷ್ಟೇ ಹಾನಿಕರ. ಸುಣ್ಣದ ಗಾರೆಯ ಬದಲು ಸಿಮೆಂಟ್ ಬಳಸಿದರೆ ತೇವ ಗೋಡೆಯೊಳಗೆ ಸಿಕ್ಕಿಕೊಂಡು ಮರವನ್ನು ಕೊಳೆಯಿಸುತ್ತದೆ, ಮೃದುವಾದ ಕಲ್ಲಿನ ಮುಖವನ್ನು ಉದುರಿಸುತ್ತದೆ. 1999ರಲ್ಲಿ ಆರಂಭವಾದ ‘ಟೀರ್ ಗೊವಲ್’ ಯೋಜನೆಯಡಿ ಸಾಂಪ್ರದಾಯಿಕ ಕೃಷಿ ಕಟ್ಟಡಗಳ ದುರಸ್ತಿಗೆ ರೈತರಿಗೆ ನೆರವು ದೊರೆಯುತ್ತಿತ್ತು.

ಕೊಟ್ಟಿಗೆಗಳನ್ನು ವಾಸದ ಮನೆ ಅಥವಾ ಪ್ರವಾಸಿಗರ ವಸತಿಯಾಗಿ ಮಾರ್ಪಡಿಸುವುದು ಅತ್ಯಂತ ಪ್ರಚಲಿತ ಮಾರ್ಗ. ಇದರಿಂದ ಕಟ್ಟಡ ನಿಲ್ಲುತ್ತದೆ, ರೈತನಿಗೆ ಆದಾಯವೂ ಬರುತ್ತದೆ. ಆದರೆ ಕತ್ತಲೆಯೇ ಸ್ವಭಾವವಾದ ಕಟ್ಟಡಕ್ಕೆ ದೊಡ್ಡ ಕಿಟಕಿಗಳನ್ನು ಕೊರೆದಾಗ, ಒಂದೇ ಅಖಂಡ ಅಂಕಣವನ್ನು ಕೋಣೆಗಳಾಗಿ ಒಡೆದಾಗ, ಚಾವಣಿಯಲ್ಲಿ ಬೆಳಕಿಂಡಿಗಳನ್ನಿಟ್ಟಾಗ ಅದು ಕೊಟ್ಟಿಗೆಯಾಗಿತ್ತೆಂಬ ಗುರುತು ಅಳಿಯುತ್ತದೆ. ಕಾನೂನಿನ ರಕ್ಷಣೆಯಿರುವ ಬಾವಲಿಗಳು ಮತ್ತು ಕಣಜಗೂಬೆಗಳು ಇಂತಹ ಕಟ್ಟಡಗಳಲ್ಲಿ ನೆಲೆಸಿರುವುದರಿಂದ ಕೆಲಸಕ್ಕೆ ಮೊದಲು ಸಮೀಕ್ಷೆ ಅಗತ್ಯ. ಹೊರಗಿನವರು ರಜಾಮನೆಗಳಿಗಾಗಿ ಕೊಂಡಾಗ ಬೆಲೆ ಏರಿ ಸ್ಥಳೀಯ ಯುವಜನರಿಗೆ ಮನೆ ಸಿಗದಂತಾಗುವುದು, ಹಳೆಯ ವೆಲ್ಷ್ ಹೆಸರುಗಳು ಇಂಗ್ಲಿಷ್ ಹೆಸರುಗಳಾಗಿ ಬದಲಾಗುವುದು ವಾಯವ್ಯ ವೇಲ್ಸ್‌ನಲ್ಲಿ ತೀವ್ರ ಚರ್ಚೆಯ ವಿಷಯಗಳು.

ಭಿನ್ನವಾದ ನಿದರ್ಶನ ಟ್ರೌಸ್‌ವನಿಧ್ ಸಮೀಪದ ‘ಅರ್ ಅಸ್ಗುರ್ನ್’. ಇದು ಹೆಧ್ ವಿನ್ ಎಂಬ ಕಾವ್ಯನಾಮದ ಎಲ್ಲಿಸ್ ಎವಾನ್ಸ್ ಅವರ ಒಕ್ಕಲುಮನೆ. ಅವರು 1917ರ ಜುಲೈ 31ರಂದು ಬೆಲ್ಜಿಯಂನ ಯುದ್ಧಭೂಮಿಯಲ್ಲಿ ಮಡಿದರು. ಕೆಲವೇ ವಾರಗಳ ಅನಂತರ ರಾಷ್ಟ್ರೀಯ ಐಸ್ಟೆಧ್‌ವೊಡ್ ಉತ್ಸವದಲ್ಲಿ ಅವರಿಗೆ ಕವಿಪೀಠ ಘೋಷಣೆಯಾದಾಗ ಅದರ ಮೇಲೆ ಕಪ್ಪು ಬಟ್ಟೆ ಹೊದಿಸಲಾಯಿತು. 2012ರಲ್ಲಿ ಸ್ನೋಡೋನಿಯಾ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರವು ಈ ಕೃಷಿಕ್ಷೇತ್ರವನ್ನು ಕೊಂಡು, ಮನೆಯನ್ನು ಇದ್ದಂತೆಯೇ ಉಳಿಸಿ, ಕೊಟ್ಟಿಗೆಯನ್ನು ಸಂದರ್ಶಕರ ಕೇಂದ್ರವಾಗಿ ಮಾರ್ಪಡಿಸಿತು. ಸುತ್ತಲಿನ ಭೂಮಿಯಲ್ಲಿ ಬೇಸಾಯ ಮುಂದುವರಿದಿದೆ.

ಪ್ರಮುಖ ಸ್ಥಳಗಳು

ಸೇಂಟ್ ಫ್ಯಾಗನ್ಸ್ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯ, ಕಾರ್ಡಿಫ್: ಕಿಲೆವೆಂಟ್, ಕೆನಿಕ್ಸ್‌ಟನ್, ಅ ಗಾರೆಗ್ ವೌರ್ ಮನೆಗಳು ಮತ್ತು ವೃತ್ತಾಕಾರದ ಹಂದಿಗೂಡು.

ಟೀ ಮೌರ್ ವಿಬ್ರ್‌ನಾಂಟ್, ಪೆನ್‌ಮಾಖ್ನೊ ಸಮೀಪ: 1588ರಲ್ಲಿ ಪ್ರಕಟವಾದ ವೆಲ್ಷ್ ಬೈಬಲಿನ ಅನುವಾದಕ ಬಿಷಪ್ ವಿಲಿಯಂ ಮಾರ್ಗನ್ ಅವರ ಜನ್ಮಸ್ಥಳವೆಂದು ಹೆಸರಾದ ಕಲ್ಲಿನ ಒಕ್ಕಲುಮನೆ, ನ್ಯಾಷನಲ್ ಟ್ರಸ್ಟ್‌ನ ಆಡಳಿತದಲ್ಲಿದೆ.

ಅರ್ ಅಸ್ಗುರ್ನ್, ಟ್ರೌಸ್‌ವನಿಧ್: ಕವಿ ಹೆಧ್ ವಿನ್ ಅವರ ಮನೆ ಮತ್ತು ಕೃಷಿ ಕಟ್ಟಡಗಳು.

ಪೆನ್ಮೋನ್, ಆಂಗ್ಲ್‌ಸಿ: ಸುಮಾರು 1600ರ ಪಾರಿವಾಳದ ಮನೆ.

ಟೀ ಹಿಲ್, ಬೆಟುಸ್-ಅ-ಕೋಯ್ಡ್ ಸಮೀಪ: ಬೃಹತ್ ಬಂಡೆಗಳಿಂದ ಕಟ್ಟಿದ ‘ಕುರೂಪಿ ಮನೆ’. ಸಾರ್ವಜನಿಕ ಭೂಮಿಯಲ್ಲಿ ಒಂದೇ ರಾತ್ರಿಯಲ್ಲಿ ಮನೆ ಕಟ್ಟಿ ಬೆಳಗಾಗುವುದರೊಳಗೆ ಹೊಗೆ ಎಬ್ಬಿಸಿದರೆ ಆ ನೆಲ ಕಟ್ಟಿದವನಿಗೇ ಸೇರುತ್ತದೆಂಬ ಜನಪದ ನಂಬಿಕೆಯೊಡನೆ ಈ ಮನೆಯ ಹೆಸರು ತಳುಕುಹಾಕಿಕೊಂಡಿದೆ.